ಬರೆದ ಡಿಸ್ಕುಗಳಿಗೆ ಯಾವ ಕೇಸ್ ಸೂಕ್ತ?

ನಾವೇ ದತ್ತಾಂಶ ಬರೆದುಕೊಂಡ ಸಿಡಿ, ಡಿವಿಡಿಗಳನ್ನು ಕಾಪಾಡಲು ಜ್ಯುವೆಲ್ ಕೇಸ್ (ಸಿಡಿಗಳ ಮಾಮೂಲಿ ಗಟ್ಟಿ ಪಾರದರ್ಶಕ ಡಬ್ಬಿ), ಅದರ ತೆಳು ರೂಪವಾದ ಸ್ಲಿಮ್ ಕೇಸ್, ಸಿನಿಮಾ ಡಿವಿಡಿಗಳಿಗೆ ಬಳಸುವ ಎತ್ತರದ ಕೇಸ್, ಜೇಬುಗಳಿರುವ ಪುಟ ತಿರುಗಿಸುವ ವ್ಯಾಲೆಟ್ ಮತ್ತು ಡಿಸ್ಕುಗಳನ್ನು ಒಂದರ ಮೇಲೊಂದು ಪೇರಿಸಿಡುವ ಕೇಕ್ ಬಾಕ್ಸ್, ಇವಿಷ್ಟನ್ನೂ ನಾನು ವರ್ಷಗಟ್ಟಲೆ ಬಳಸಿ ನೋಡಿದ್ದೇನೆ. ಡಿಸ್ಕಿನ ಮೈಗೆ ಏನೂ ತಗಲುತ್ತಿಲ್ಲವೇ, ಹೊರತೆಗೆಯುವಾಗ ಅದು ಬಾಗುತ್ತಿಲ್ಲವೇ ಎಂಬ ಎರಡು ಪ್ರಶ್ನೆಗಳಿಂದಲೇ ಇವುಗಳ ಯೋಗ್ಯತೆಯನ್ನು ಅಳೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಕಾರಣ ಡಿಸ್ಕಿನ ರಚನೆಯಲ್ಲಿಯೇ ಇದೆ. ಎರಡೂ ಬಗೆಯ ಡಿಸ್ಕುಗಳ ದಪ್ಪ 1.2 ಮಿ.ಮೀ. ಆದರೂ, ನಾವೇ ಬರೆಯುವ ಸಿಡಿಯಾದ ಸಿಡಿ-ಆರ್‌ನಲ್ಲಿ ದತ್ತಾಂಶ ಹಿಡಿದಿಡುವ ಬಣ್ಣದ ಪದರ ಮತ್ತು ಪ್ರತಿಫಲಕ ಪದರ ಮೇಲ್ಭಾಗದಲ್ಲಿ, ಅಂದರೆ ನಾವು ಹೆಸರು ಬರೆಯುವ ಬದಿಯಲ್ಲಿ, ತೆಳುವಾದ ಲ್ಯಾಕರ್ ಲೇಪದ ಕೆಳಗೇ ಇರುತ್ತವೆ. ಹೊಳೆಯುವ ಬದಿಯ ಸಣ್ಣ ಗೀರನ್ನು ಡ್ರೈವ್ ಎಷ್ಟೋ ಸಲ ಸಹಿಸಿಕೊಳ್ಳುತ್ತದೆ. ಹೆಸರಿನ ಬದಿಯ ಆಳವಾದ ಗೀರು ಮಾತ್ರ ದತ್ತಾಂಶವನ್ನೇ ಕಿತ್ತುಹಾಕುತ್ತದೆ. ಡಿವಿಡಿಯಲ್ಲಿ 0.6 ಮಿ.ಮೀ. ದಪ್ಪದ ಎರಡು ಹಾಳೆಗಳ ನಡುವೆ ಆ ಪದರ ಭದ್ರವಾಗಿರುತ್ತದೆ, ಆದರೆ ಆ ಎರಡು ಹಾಳೆಗಳು ಅಂಟಿನಿಂದ ಕೂಡಿದವಾದ್ದರಿಂದ ಪದೇ ಪದೇ ಬಾಗಿಸುವುದು ಅದಕ್ಕೆ ಒಳ್ಳೆಯದಲ್ಲ.

ಸುಮಾರು 10 ಮಿ.ಮೀ. ದಪ್ಪದ ಜ್ಯುವೆಲ್ ಕೇಸ್ ಡಿಸ್ಕನ್ನು ನಡುವಿನ ತೂತಿನಲ್ಲಷ್ಟೇ ಹಿಡಿದು, ದತ್ತಾಂಶ ಇರುವ ಭಾಗಕ್ಕೆ ಎರಡೂ ಕಡೆ ಗಾಳಿಯ ಅಂತರ ಬಿಡುತ್ತದೆ. ಸಿಡಿ-ಆರ್‌ಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಅದರ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಮಾತ್ರ ಪೆಡಸು: ಕೆಳಗೆ ಬಿದ್ದರೆ ಮುಚ್ಚಳದ ಕೀಲು ಮುರಿಯುತ್ತದೆ, ನಡುವಿನ ಹಲ್ಲುಗಳು ಒಂದೊಂದಾಗಿ ಉದುರುತ್ತವೆ, ಉದುರಿದ ಚೂರು ಒಳಗೇ ಉಳಿದು ಡಿಸ್ಕನ್ನು ಉಜ್ಜುತ್ತದೆ. ಹಲ್ಲು ಮುರಿದ ಕೇಸನ್ನು ಆ ಕೂಡಲೇ ಬದಲಿಸಬೇಕು. ಸುಮಾರು 5 ಮಿ.ಮೀ.ನ ಸ್ಲಿಮ್ ಕೇಸ್ ಅರ್ಧ ಜಾಗ ಉಳಿಸುವುದು ನಿಜವೇ. ಆದರೆ ಬೆನ್ನಿನ ಮೇಲೆ ಹೆಸರು ಬರೆಯಲು ಸ್ಥಳವಿಲ್ಲದ್ದರಿಂದ ಬೇಕಾದುದನ್ನು ಹುಡುಕಲು ಹತ್ತಾರು ಕೇಸುಗಳನ್ನು ಎಳೆದು ನೋಡಬೇಕಾಗುತ್ತದೆ. ಎರಡನೆಯ ಪ್ರತಿಗಳಿಗಷ್ಟೇ ನಾನದನ್ನು ಬಳಸುತ್ತೇನೆ.

ಡಿವಿಡಿಗಳ ಮಟ್ಟಿಗೆ 14 ಮಿ.ಮೀ. ದಪ್ಪದ, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಎತ್ತರದ ಕೇಸೇ ನನ್ನ ಆಯ್ಕೆ. ಅದು ಬಳುಕುತ್ತದೆಯೇ ಹೊರತು ಸುಲಭಕ್ಕೆ ಒಡೆಯುವುದಿಲ್ಲ. ನಡುವಿನ ಗುಂಡಿ ಒತ್ತಿದೊಡನೆ ಡಿಸ್ಕ್ ತಾನಾಗಿ ಮೇಲೇಳುವಂಥದ್ದನ್ನೇ ಆರಿಸಬೇಕು; ಅಂಚು ಹಿಡಿದು ಮೇಲಕ್ಕೆ ಎಳೆಯಬೇಕಾದ ಬಿಗಿ ಹಿಡಿತದ ಕೇಸುಗಳೂ ಇದೇ ರೂಪದಲ್ಲಿ ಮಾರಾಟವಾಗುತ್ತವೆ, ಅವುಗಳಲ್ಲಿ ಡಿಸ್ಕ್ ಬಿಲ್ಲಿನಂತೆ ಬಾಗುವುದು ಕಣ್ಣಿಗೇ ಕಾಣುತ್ತದೆ.

ವ್ಯಾಲೆಟ್ ಪ್ರಯಾಣಕ್ಕೆ ಅನುಕೂಲ, ಸಂಗ್ರಹಕ್ಕೆ ಅಲ್ಲ. ಪ್ರತಿ ಸಲ ಒಳಗೆ ತುರುಕುವಾಗಲೂ ಜೇಬಿನ ಬಟ್ಟೆಯಲ್ಲಿ ಸಿಕ್ಕಿಕೊಂಡ ಧೂಳಿನ ಕಣ ಡಿಸ್ಕಿನ ಮೈಮೇಲೆ ಎಳೆದಾಡುತ್ತದೆ. ತುಂಬಿದ ವ್ಯಾಲೆಟ್ಟಿನಲ್ಲಿ ಒತ್ತಡ ಬೇರೆ. ಪಿವಿಸಿ ಜೇಬುಗಳನ್ನಂತೂ ದೂರವಿಡಬೇಕು, ಏಕೆಂದರೆ ಅವನ್ನು ಮೃದುಗೊಳಿಸಲು ಬೆರೆಸಿದ ರಾಸಾಯನಿಕ ಕಾಲಕ್ರಮೇಣ ಹೊರಬಂದು ಡಿಸ್ಕಿಗೆ ಅಂಟಬಹುದು. ಕೇಕ್ ಬಾಕ್ಸ್ ಖಾಲಿ ಡಿಸ್ಕುಗಳಿಗೆ ಸಾಕು. ಬರೆದ ಡಿಸ್ಕುಗಳನ್ನು ಅದರಲ್ಲಿಟ್ಟರೆ, ತಳದಲ್ಲಿರುವ ಒಂದಕ್ಕಾಗಿ ಮೇಲಿನ ಎಲ್ಲವನ್ನೂ ಮುಟ್ಟಬೇಕಾಗುತ್ತದೆ.

ಪಾರದರ್ಶಕ ಕೇಸುಗಳು ಬೆಳಕನ್ನು ತಡೆಯುವುದಿಲ್ಲ, ಬಣ್ಣದ ಪದರವೋ ಬಿಸಿಲಿಗೆ ಕೆಡುವಂಥದ್ದು. ಆದ್ದರಿಂದ ಜ್ಯುವೆಲ್ ಕೇಸುಗಳನ್ನು ಬಾಗಿಲಿರುವ ಕಪಾಟಿನೊಳಗೆ, ಪುಸ್ತಕಗಳ ಹಾಗೆ ನೆಟ್ಟಗೆ ನಿಲ್ಲಿಸಿಡುವುದು ಒಳಿತು. ಹೊಸ ಕೇಸುಗಳನ್ನು ಒಟ್ಟಾಗಿ ಕೊಳ್ಳುವ ಮೊದಲು ಒಂದನ್ನಷ್ಟೇ ತಂದು, ಬೇಡದ ಡಿಸ್ಕೊಂದನ್ನು ಅದರಲ್ಲಿ ಕೂರಿಸಿ, ಕಿವಿಯ ಬಳಿ ಮೆಲ್ಲಗೆ ಅಲ್ಲಾಡಿಸಿ ನೋಡಿ. ಡಿಸ್ಕ್ ಕಟಕಟ ಸದ್ದು ಮಾಡಿದರೆ ಹಿಡಿತ ಸಡಿಲವೆಂದು ತಿಳಿದು ಬೇರೆ ಕೇಸನ್ನು ಹುಡುಕಿ.