ಬರ್ಲಿನ್ ನೋಡಲು ಬಂದವರಿಗೆ: ಬಸ್ಸೋ, ದೋಣಿಯೋ, ಕಾಲ್ನಡಿಗೆಯೋ?

ಬರ್ಲಿನ್‌ನಲ್ಲಿ ಓದುವವರಿಗೆ ಬೇಸಿಗೆ ಬಂತೆಂದರೆ ನೆಂಟರು ಬರುವ ಕಾಲ. ಅಪ್ಪ-ಅಮ್ಮ ಬರುತ್ತಾರೆ, ಸೋದರಮಾವ ಆಫೀಸಿನ ಕೆಲಸಕ್ಕೆ ಬಂದವರು ಎರಡು ದಿನ ಹೆಚ್ಚಿಗೆ ಉಳಿಯುತ್ತಾರೆ, ಕಾಲೇಜಿನ ಗೆಳೆಯರು ಬೆನ್ನಿಗೊಂದು ಚೀಲ ಹಾಕಿಕೊಂಡು ಇಳಿಯುತ್ತಾರೆ. ಎಲ್ಲರ ಮೊಬೈಲಿನಲ್ಲೂ ಹೆಚ್ಚುಕಡಿಮೆ ಅದೇ ಪಟ್ಟಿ. ಆದರೆ ಈ ಊರಿನಲ್ಲಿ ನೋಡುವಂಥದ್ದೆಲ್ಲ ಒಂದೇ ಕಡೆ ಸಿಗುವುದಿಲ್ಲ. ದಶಕಗಟ್ಟಲೆ ಎರಡು ಆಡಳಿತಗಳ ಕೆಳಗೆ ಎರಡು ಊರಾಗಿ ಬೆಳೆದದ್ದರಿಂದ ಇಲ್ಲಿ ಮೃಗಾಲಯ ಎರಡು, ಒಪೆರಾ ಮನೆ ಮೂರು, ಊರ ನಡುವೆ ಅಂತ ಕರೆಯಬಹುದಾದ ಜಾಗವೂ ಒಂದಕ್ಕಿಂತ ಹೆಚ್ಚು. ಬಂದವರನ್ನು ಹೇಗೆ ಸುತ್ತಿಸಬೇಕು ಎನ್ನುವುದು ನಿಜಕ್ಕೂ ಯೋಚಿಸಬೇಕಾದ ಪ್ರಶ್ನೆ. ನಾನು ಮಾಡಿ ನೋಡಿದ್ದನ್ನು ಒಂದರ ಪಕ್ಕ ಒಂದಿಟ್ಟು ಹೇಳುತ್ತೇನೆ.

ಮೊದಲು ಬಸ್. ಪ್ರವಾಸಿಗರಿಗೆಂದೇ ಇರುವ, ಹತ್ತಿ ಇಳಿದು ಮತ್ತೆ ಹತ್ತುವ ಬಸ್ಸು ಒಂದು ಕಡೆ. ಊರಿನ ಜನ ಕೆಲಸಕ್ಕೆ ಹೋಗುವ 100 ನಂಬರ್ ಬಸ್ಸು ಇನ್ನೊಂದು ಕಡೆ. ನನ್ನ ಮತ ಅನುಮಾನವಿಲ್ಲದೆ 100ಕ್ಕೆ. ಊರನ್ನು ಪೂರ್ವ-ಪಶ್ಚಿಮವಾಗಿ ಸೀಳಿದ್ದ ಬರ್ಲಿನ್ ಗೋಡೆ ಬಿದ್ದ ಮರುವರ್ಷ, 1990ರಲ್ಲಿ, ಪಶ್ಚಿಮದ ಮೃಗಾಲಯ ನಿಲ್ದಾಣವನ್ನೂ ಪೂರ್ವದ ಅಲೆಕ್ಸಾಂಡರ್‌ಪ್ಲಾಟ್ಸನ್ನೂ ಜೋಡಿಸಲು ಶುರುವಾದ ಮಾರ್ಗ ಇದು. ಡಬಲ್ ಡೆಕ್ಕರ್‌ನ ಮೇಲಂತಸ್ತಿನಲ್ಲಿ ಮುಂದಿನ ಸೀಟು ಸಿಕ್ಕಿತೆಂದರೆ, ಎರಡನೇ ಮಹಾಯುದ್ಧದ ಬಾಂಬಿಗೆ ಮುರಿದು ಹಾಗೆಯೇ ಉಳಿಸಿರುವ ಕೈಸರ್ ವಿಲ್ಹೆಲ್ಮ್ ಚರ್ಚಿನ ಗೋಪುರ, ವಿಜಯಸ್ತಂಭ, ಅಧ್ಯಕ್ಷರ ಬೆಲ್‌ವ್ಯೂ ಅರಮನೆ, ಸಂಸತ್ತು, ಬ್ರಾಂಡೆನ್‌ಬುರ್ಗ್ ದ್ವಾರದ ಆಸುಪಾಸು, ಮ್ಯೂಸಿಯಂ ದ್ವೀಪ ಎಲ್ಲವೂ ಸಾಲಾಗಿ ಬರುತ್ತವೆ. ಸಾಮಾನ್ಯ ಟಿಕೆಟ್ಟೇ ಸಾಕು. ಎಬಿ ವಲಯದ, ಅಂದರೆ ಊರೊಳಗಿನ, ಒಂದು ಟಿಕೆಟ್ ಒಂದೇ ದಿಕ್ಕಿಗೆ ಎರಡು ಗಂಟೆ ನಡೆಯುತ್ತದೆ. ನಡುವೆ ಇಳಿದು, ನೋಡಿ, ಮುಂದಿನ ಬಸ್ ಹತ್ತಬಹುದು. ಪ್ರವಾಸಿ ಬಸ್ಸಿನಲ್ಲಿ ಕಿವಿಗೆ ವಿವರಣೆ ಸಿಗುತ್ತದೆ, ನಿಜ. ಆದರೆ ಕಿವಿ ಮುಚ್ಚಿಕೊಂಡ ಅಪ್ಪ ನನ್ನನ್ನು ಏನೂ ಕೇಳಲಿಲ್ಲ. 100ರಲ್ಲಿ ಕೂತಾಗ ಪ್ರತಿ ಸ್ಟಾಪಿಗೂ ಒಂದು ಪ್ರಶ್ನೆ ಕೇಳಿದರು. ಊಂಟರ್ ಡೆನ್ ಲಿಂಡೆನ್ ರಸ್ತೆಯಲ್ಲಿ ಹುಂಬೋಲ್ಟ್ ವಿಶ್ವವಿದ್ಯಾಲಯ ಬಂದಾಗ, ರಾಮಮನೋಹರ ಲೋಹಿಯಾ ಪಿಎಚ್‌ಡಿ ಮಾಡಿದ್ದು ಇಲ್ಲೇ, ಉಪ್ಪಿನ ಸತ್ಯಾಗ್ರಹದ ಮೇಲೆ, ಎಂದೆ. ಅಲ್ಲಿಂದ ಮಾತು ಶಾಂತವೇರಿ ಗೋಪಾಲಗೌಡರವರೆಗೆ ಹೋಯಿತು. ಅಂಥ ಮಾತು ಹುಟ್ಟಲು ಬಿಡುವ ವಾಹನವೇ ಒಳ್ಳೆಯ ವಾಹನ.

ಒಂದು ಎಚ್ಚರಿಕೆ. ನಮ್ಮ ಹತ್ತಿರ ವಿದ್ಯಾರ್ಥಿ ಪಾಸ್ ಇರುವುದರಿಂದ ಬಂದವರಿಗೆ ಟಿಕೆಟ್ ಬೇಕೆನ್ನುವುದು ಮರೆತೇಹೋಗುತ್ತದೆ. ಕಾಗದದ ಟಿಕೆಟ್ ಆದರೆ ರೈಲಿಗೆ ಹತ್ತುವ ಮೊದಲು, ಬಸ್ಸಿನಲ್ಲಿ ಹತ್ತಿದ ಕೂಡಲೇ ಮುದ್ರೆ ಒತ್ತಿಸಬೇಕು. ಒತ್ತಿಸದೆ ಸಿಕ್ಕಿಬಿದ್ದರೆ 60 ಯೂರೋ ದಂಡ. ವಿಮಾನ ನಿಲ್ದಾಣ ಸಿ ವಲಯದಲ್ಲಿದೆ, ಅಲ್ಲಿಂದ ಬರುವಾಗ ಎಬಿಸಿ ಟಿಕೆಟ್ಟೇ ಆಗಬೇಕು.

ದೋಣಿಯ ವಿಚಾರ ಬೇಗ ಮುಗಿಸಬಹುದು. ಸ್ಪ್ರೇ ನದಿಯಲ್ಲಿ ಒಂದು ಗಂಟೆಯ ಸವಾರಿ ಮಂಡಿನೋವಿನವರಿಗೆ, ಮಧ್ಯಾಹ್ನ ದಣಿದವರಿಗೆ ಹಿತ. ದೊಡ್ಡ ಕಟ್ಟಡಗಳು ನೀರಿನಿಂದ ಚಂದ ಕಾಣುತ್ತವೆ. ಆದರೆ ದಡದ ಕಲ್ಲುಗೋಡೆ ಅನೇಕ ಕಡೆ ಎತ್ತರ, ಬೀದಿ ಕಾಣುವುದಿಲ್ಲ, ಬೀದಿಯ ಜನ ಕಾಣುವುದಿಲ್ಲ. ಬಸ್ಸಿಗೆ ಬದಲಾಗಿ ಇದನ್ನು ಆರಿಸಬೇಡಿ.

ಇನ್ನು ಗೋಡೆ. ಬಂದವರೆಲ್ಲರೂ ಮೊದಲು ಕೇಳುವುದು ಅದನ್ನೇ. ಪಟ್ಟಿಯಲ್ಲಿ ಮೇಲಿರುವುದು ಈಸ್ಟ್ ಸೈಡ್ ಗ್ಯಾಲರಿ: 1.3 ಕಿಲೋಮೀಟರ್ ಉದ್ದಕ್ಕೂ 1990ರಲ್ಲಿ ಕಲಾವಿದರು ಬಿಡಿಸಿದ ಚಿತ್ರಗಳು. ಗೆಳೆಯರಿಗೆ ಇಷ್ಟವಾಯಿತು, ಫೋಟೋಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಅಲ್ಲಿ ನಿಂತವರಿಗೆ ಗೋಡೆ ಎಂದರೆ ಒಂದೇ ಗೋಡೆ, ಅದೂ ಬಣ್ಣದ್ದು, ಎನಿಸಿಬಿಡುತ್ತದೆ. ಗಡಿ ಹಾಗಿರಲಿಲ್ಲ. ಎರಡು ಗೋಡೆ, ನಡುವೆ ಕಾವಲು ಗೋಪುರಗಳಿದ್ದ ಬಯಲು, ಆ ಬಯಲಿನಲ್ಲಿ ಸಾವು. ಅದು ಗೊತ್ತಾಗಬೇಕಾದರೆ ಬೆರ್ನಾವರ್ ಸ್ಟ್ರಾಸೆಗೆ ಹೋಗಬೇಕು.

ಈ ಬೀದಿಯ ಒಂದು ಬದಿಯ ಮನೆಗಳು ಪೂರ್ವಕ್ಕೆ ಸೇರಿದ್ದವು, ಮನೆಯ ಮುಂದಿನ ಕಾಲುದಾರಿ ಪಶ್ಚಿಮಕ್ಕೆ. 1961ರ ಆಗಸ್ಟ್ 13ರಂದು ಗಡಿ ಮುಚ್ಚಿದ ಮೇಲೆ ಮುಂಬಾಗಿಲುಗಳಿಗೆ ಇಟ್ಟಿಗೆ ಕಟ್ಟಿದರು. ಜನ ಕಿಟಕಿಯಿಂದ ಹಾರಿದರು. ಕೆಳಗೆ ಪಶ್ಚಿಮದ ಅಗ್ನಿಶಾಮಕದವರು ಬಟ್ಟೆ ಹಿಡಿದು ನಿಲ್ಲುತ್ತಿದ್ದರು. ಆಗಸ್ಟ್ 22ರಂದು ಇಡಾ ಸೀಕ್‌ಮನ್ ಎಂಬಾಕೆ ಹೀಗೆ ಹಾರಿ ತೀರಿಕೊಂಡರು. 1964ರಲ್ಲಿ ಇದೇ ಬೀದಿಯ ಅಡಿಯಲ್ಲಿ ತೋಡಿದ ಸುರಂಗದಲ್ಲಿ 57 ಜನ ತೆವಳಿ ಪಾರಾದರು. ಸುರಂಗ ಹೋದ ದಾರಿಯನ್ನು ಇವತ್ತು ನೆಲದ ಮೇಲೆ ಗುರುತು ಮಾಡಿದ್ದಾರೆ. ಆ ಗುರುತಿನ ಮೇಲೆ ನಡೆಯುತ್ತ ಹೋದರೆ ಯಾರಿಗೂ ವಿವರಿಸುವ ಅಗತ್ಯವೇ ಬೀಳುವುದಿಲ್ಲ. ರಸ್ತೆಯ ಈಚೆ ಬದಿಯ ವೀಕ್ಷಣಾ ಗೋಪುರ ಹತ್ತಿದರೆ ಎರಡು ಗೋಡೆ ಮತ್ತು ನಡುವಿನ ಬಯಲು ಇದ್ದ ಹಾಗೆಯೇ ಕಾಣುತ್ತವೆ. ಆ ಬಯಲಿನಲ್ಲಿ ಸಿಕ್ಕಿಕೊಂಡಿದ್ದ ಚರ್ಚನ್ನು ಪೂರ್ವದ ಸರ್ಕಾರ 1985ರಲ್ಲಿ ಸ್ಫೋಟಿಸಿ ಕೆಡವಿತು. 2000ದಲ್ಲಿ ಅದೇ ಜಾಗದಲ್ಲಿ ಪುಟ್ಟ ಪ್ರಾರ್ಥನಾಮಂದಿರ ಎದ್ದಿತು. ಗೋಡೆ ಮಣ್ಣಿನದು, ಕುಟ್ಟಿ ಕುಟ್ಟಿ ಗಟ್ಟಿ ಮಾಡಿದ್ದು, ಹಳೆಯ ಚರ್ಚಿನ ಚೂರುಗಳನ್ನೇ ಬೆರೆಸಿದ್ದು. ಮಣ್ಣಿನ ಗೋಡೆಯ ಮನೆಯಲ್ಲಿ ಹುಟ್ಟಿ ಬೆಳೆದ ಅಮ್ಮ ಅದರ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ಇಡೀ ಪ್ರವಾಸದಲ್ಲಿ ಅವಳು ಊರಿಗೆ ಫೋನ್ ಮಾಡಿ ಹೇಳಿದ್ದು ಇದೊಂದನ್ನೇ. ಇಲ್ಲಿ ಪ್ರವೇಶಕ್ಕೆ ದುಡ್ಡಿಲ್ಲ. ಒಂದು ದಿನದಲ್ಲಿ ಒಂದೇ ಜಾಗ ಎನ್ನುವುದಾದರೆ ನಾನು ಇದನ್ನೇ ಹೇಳುತ್ತೇನೆ, ಬೇರೆಯದು ಹೇಳಲಾರೆ.

ಎತ್ತರದಿಂದ ಊರು ನೋಡುವುದಕ್ಕೂ ಎರಡು ದಾರಿ. 1969ರಲ್ಲಿ ಕಟ್ಟಿದ 368 ಮೀಟರಿನ ಟಿವಿ ಗೋಪುರದಲ್ಲಿ ಲಿಫ್ಟ್ ಹಿಡಿದು 203 ಮೀಟರ್ ಮೇಲೇರಬಹುದು. ಟಿಕೆಟ್ ದುಬಾರಿ, ಸಾಲೂ ಉದ್ದ. ಸಂಸತ್ ಭವನವಾದ ರೈಶ್‌ಟಾಗ್‌ನ ಗಾಜಿನ ಗುಮ್ಮಟ ಇದರ ಕಾಲು ಭಾಗದಷ್ಟು ಎತ್ತರವೂ ಇಲ್ಲ, ಆದರೆ ಉಚಿತ. ನಾರ್ಮನ್ ಫಾಸ್ಟರ್ ರೂಪಿಸಿದ ಆ ಗುಮ್ಮಟದಲ್ಲಿ ಸುರುಳಿ ದಾರಿಯಲ್ಲಿ ನಿಧಾನಕ್ಕೆ ಹತ್ತುತ್ತಾ ಹೋದರೆ ಹೊರಗೆ ಊರು, ಕೆಳಗೆ ಸಂಸತ್ತಿನ ಸಭಾಂಗಣ. ಮೆಟ್ಟಿಲಿಲ್ಲ, ವಯಸ್ಸಾದವರೂ ಹತ್ತುತ್ತಾರೆ. ಗೋಪುರದ ಮೇಲೆ ನಿಂತರೆ ಟಿವಿ ಗೋಪುರವೇ ನೋಟದಲ್ಲಿರುವುದಿಲ್ಲ ಎನ್ನುವುದೂ ನಾನು ಗುಮ್ಮಟವನ್ನು ಆರಿಸಲು ಒಂದು ಕಾರಣ. ಹೆಸರು, ಹುಟ್ಟಿದ ದಿನಾಂಕ ಕೊಟ್ಟು ಮೊದಲೇ ನೋಂದಾಯಿಸಿಕೊಳ್ಳಬೇಕು, ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಬೇಕು.

ನಮ್ಮ ವಯಸ್ಸಿನವರು ಬಂದರೆ ಬಾಡಿಗೆ ಸೈಕಲ್ ಕೊಡಿಸಿ ಟೆಂಪಲ್‌ಹೋಫ್‌ಗೆ ಕರೆದುಕೊಂಡು ಹೋಗಿ. 2008ರಲ್ಲಿ ಮುಚ್ಚಿದ ವಿಮಾನ ನಿಲ್ದಾಣ, ಈಗ ಉದ್ಯಾನ; ರನ್‌ವೇ ಮೇಲೆ ಎದುರುಗಾಳಿಗೆ ಸೈಕಲ್ ತುಳಿಯುವ ಸುಖವೇ ಬೇರೆ. ಹಿರಿಯರಿಗೆ ಅಲ್ಲಿ ನೆರಳಿಲ್ಲ.

ಊಟಕ್ಕೆ ಹೆಸರಾಂತ ಹೋಟೆಲಿಗಿಂತ ನಮ್ಮ ಮೆನ್ಸಾ, ಅಂದರೆ ವಿಶ್ವವಿದ್ಯಾಲಯದ ಕ್ಯಾಂಟೀನ್, ಮೇಲು. ಅತಿಥಿಗಳಿಗೆ ದರ ವಿದ್ಯಾರ್ಥಿಗಳಿಗಿಂತ ಹೆಚ್ಚು, ಆದರೂ ಹೊರಗಿಗಿಂತ ಕಡಿಮೆಯೇ. ಬರ್ಲಿನ್‌ನ ಮೆನ್ಸಾಗಳಲ್ಲಿ ಹೆಚ್ಚಿನ ಅಡುಗೆ ಸಸ್ಯಾಹಾರಿ, ಹಾಗಾಗಿ ಅಮ್ಮನಿಗೆ ಪ್ರತಿ ತಟ್ಟೆಯ ಬಗ್ಗೆ ವಿಚಾರಿಸುವ ಕಷ್ಟವೂ ಇರಲಿಲ್ಲ. ಮಗ ದಿನಾ ಎಲ್ಲಿ ಕೂತು ಉಣ್ಣುತ್ತಾನೆ ಎಂದು ನೋಡಬೇಕೆಂಬ ಆಸೆ ಅವರ ಪಟ್ಟಿಯಲ್ಲಿರಲಿಲ್ಲ, ಮನಸ್ಸಿನಲ್ಲಿತ್ತು.

ಚಳಿಗಾಲದಲ್ಲಿ ಬರುವವರಿದ್ದರೆ ಕ್ರಮ ಬದಲಿಸಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಬೆಳಗ್ಗೆಯೇ ಬೆರ್ನಾವರ್ ಸ್ಟ್ರಾಸೆ, ಮಧ್ಯಾಹ್ನ ಮೆನ್ಸಾ, ಬೆಳಕಿರುವಾಗಲೇ 100ರ ಬಸ್. ಗುಮ್ಮಟವನ್ನು ಕತ್ತಲಿಗೆ ಇಟ್ಟುಕೊಳ್ಳಿ, ರಾತ್ರಿಯೂ ತೆರೆದಿರುತ್ತದೆ. ವಿಮಾನದ ಟಿಕೆಟ್ ಖಚಿತವಾದ ದಿನವೇ ಗುಮ್ಮಟದ ಹೊತ್ತು ಕಾಯ್ದಿರಿಸಿಬಿಡಿ.