ಹಳೇ ವ್ಯಾಕ್ಸ್ ತೆಗೆಯುವ ಶಾಂಪೂ: ಹುಬ್ಬಳ್ಳಿ ಧೂಳಿನಲ್ಲಿ ಎರಡೂವರೆ ವರ್ಷ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಕಾರಿನ ಪೇಂಟಿನ ಮೇಲೆ ಹೊಳಪಿಗೆ ಹಚ್ಚಿದ ಹಳೇ ವ್ಯಾಕ್ಸನ್ನು, ಅಂದರೆ ಮೇಣವನ್ನು, ತೆಗೆಯುವ ಶಾಂಪೂ ಇದು. ಬಾಟಲಿ ಮೇಲೆ ಬರೆದಷ್ಟು ಕೆಲಸ ಮಾಡುವುದಿಲ್ಲ. ಆದರೂ ಈಗ ಮನೆಯಲ್ಲಿರುವುದು ಮೂರನೇ ಬಾಟಲಿ. ಮೂರೂ ಬೇರೆ ಬೇರೆ ಕಂಪನಿಯವು. ಬಾಟಲಿಯ ಬಣ್ಣ, ವಾಸನೆ ಬಿಟ್ಟರೆ ನನಗೆ ಬೇರೆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಹೆಸರು ಹಾಕಿಲ್ಲ.

ಗಾಡಿ 2016ರ ಕೆಂಪು ಸ್ವಿಫ್ಟ್. ಸೆಕೆಂಡ್ ಹ್ಯಾಂಡ್, 2022ರಲ್ಲಿ ಗದಗದಲ್ಲಿ ತಗೊಂಡಿದ್ದು. ನೋಡಲು ಹೋದ ದಿನ ಅದರ ಹೊಳಪು ನೋಡಬೇಕಿತ್ತು! ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಹುಬ್ಬಳ್ಳಿಗೆ ತಂದು ಒಂದು ವಾರ ಗೋಕುಲ ರಸ್ತೆಯಲ್ಲಿ ಓಡಾಡಿದ್ದೇ ತಡ, ಎಣ್ಣೆ ಕೈಯಲ್ಲಿ ಹಿಟ್ಟು ಮುಟ್ಟಿದ ಹಾಗಾಯಿತು. ಕೂತ ಧೂಳು ಏಳುವುದೇ ಇಲ್ಲ. ಧಾರವಾಡವನ್ನು ಧೂಳವಾಡ ಅಂತ ನಾವೇ ಚೇಷ್ಟೆ ಮಾಡುತ್ತೇವೆ, ಹುಬ್ಬಳ್ಳಿ ಅದಕ್ಕೇನೂ ಕಡಿಮೆಯಿಲ್ಲ. ಆದರೆ ಇಲ್ಲಿ ತಪ್ಪು ಬರೀ ಧೂಳಿನದಲ್ಲ. ಮಾರುವ ಮೊದಲು ಪೇಂಟಿನ ಮೇಲೆ ಯಾವುದೋ ಜಿಡ್ಡು ಪಾಲಿಶನ್ನು ದಪ್ಪಗೆ ಬಳಿದಿದ್ದರು. ಅದರ ಕೆಳಗೆ ಎಷ್ಟು ವರ್ಷದ ವ್ಯಾಕ್ಸ್ ಇತ್ತೋ ಯಾರಿಗೆ ಗೊತ್ತು.

ಆಗ ನನಗೆ ಇದೆಲ್ಲ ತಿಳಿದಿರಲಿಲ್ಲ. ಒಂದು ಅಂಗಡಿಯಲ್ಲಿ ಸೀಲಂಟ್ ಹಚ್ಚಿಸಿದೆ. ಸೀಲಂಟ್ ಅಂದರೆ ಒಂಥರಾ ಕೃತಕ ವ್ಯಾಕ್ಸು, ಬಾಳಿಕೆ ಜಾಸ್ತಿ. ಆರು ತಿಂಗಳು ಚಿಂತೆಯಿಲ್ಲ ಅಂದರು. ಬೆಳಿಗ್ಗೆ ಕೊಟ್ಟ ಗಾಡಿ ಮಧ್ಯಾಹ್ನ ಊಟದ ಹೊತ್ತಿಗೆ ರೆಡಿ. ಅಷ್ಟು ಬೇಗ ಆದಾಗಲೇ ಅನುಮಾನ ಬರಬೇಕಿತ್ತು. ಎರಡೇ ತಿಂಗಳಿಗೆ ಒಂದು ಮಳೆಯಲ್ಲಿ ನೋಡುತ್ತೇನೆ, ಬಾನೆಟ್ಟಿನ ಎಡಗಡೆ ನೀರು ಮುತ್ತಾಗಿ ಉರುಳುತ್ತಿದೆ, ಬಲಗಡೆ ಒದ್ದೆ ಅರಿವಿ ಹಾಸಿದ ಹಾಗೆ ಚಪ್ಪಟೆಯಾಗಿ ಕೂತಿದೆ. ಮುತ್ತಾದರೆ ಮೇಲೆ ವ್ಯಾಕ್ಸೋ ಸೀಲಂಟೋ ಇದೆ ಅಂತ, ಚಪ್ಪಟೆಯಾದರೆ ಹೋಗಿದೆ ಅಂತ ಲೆಕ್ಕ. ಹೋಗಿ ಕೇಳಿದೆ.

"ಹಚ್ಚೂಕಿಂತ ಮೊದಲ ಹಳೇ ವ್ಯಾಕ್ಸ್ ತಗದಿದ್ರಿಲ್ಲೋ?"

"ಶಾಂಪೂ ಹಾಕಿ ತೊಳದೇವಲ್ರೀ ಸರ."

ಮಾತು ಅಲ್ಲಿಗೆ ಮುಗಿಯಿತು. ರೊಕ್ಕ ಏನೂ ವಾಪಸ್ ಬರಲಿಲ್ಲ.

ಸೀಲಂಟ್ ಆಗಲಿ, ಅದಕ್ಕಿಂತ ಗಟ್ಟಿಯಾದ ಸೆರಾಮಿಕ್ ಕೋಟಿಂಗ್ ಆಗಲಿ, ಗಟ್ಟಿಯಾಗಿ ಹಿಡಿಯಬೇಕಾದದ್ದು ಕ್ಲಿಯರ್ ಕೋಟನ್ನು, ಅಂದರೆ ಬಣ್ಣದ ಮೇಲಿರುವ ಪಾರದರ್ಶಕ ಪದರವನ್ನು. ನಡುವೆ ಹಳೇ ಜಿಡ್ಡು ಇದ್ದರೆ ಅದು ಜಿಡ್ಡಿಗೇ ಅಂಟುತ್ತದೆ. ಜಿಡ್ಡು ಸವೆದ ದಿನ ಇದೂ ಹೋಯಿತು. ಉದುರುತ್ತಿರುವ ಸುಣ್ಣದ ಗೋಡೆಯನ್ನು ಕೆರೆಯದೇ ಮೇಲೆ ಪೇಂಟ್ ಹೊಡೆದರೆ ಆಗುತ್ತದಲ್ಲ, ಹಾಗೆ.

ಅಲ್ಲಿಂದ ಶುರುವಾಯಿತು ನನ್ನ ಸ್ವಂತ ಉಸಾಬರಿ. ಈ ಶಾಂಪೂ ಅರ್ಧ ಲೀಟರಿಗೆ ಆರುನೂರರ ಆಸುಪಾಸು. ಮಾಮೂಲಿ ಕಾರ್ ಶಾಂಪೂ ವ್ಯಾಕ್ಸಿಗೆ ಏಟಾಗದ ಹಾಗೆ ಮೆತ್ತಗೆ ತೊಳೆಯುತ್ತದೆ, ಕೆಲವದರಲ್ಲಿ ಹೊಳಪಿಗೆ ಅಂತ ಏನೋ ಸೇರಿಸಿಯೂ ಇರುತ್ತಾರೆ. ಇದು ಕ್ಷಾರ ಜಾಸ್ತಿ ಇರುವ ಮಾಲು. ಜಿಡ್ಡು ಎಳೆಯಲಿ ಅಂತಲೇ ಮಾಡಿದ್ದು.

ಮೊದಲ ಸಲ ಬಳಸಿದ್ದು ನಳಕ್ಕೆ ನೀರು ಬಂದ ಒಂದು ಭಾನುವಾರ. ನಮ್ಮ ಓಣಿಯಲ್ಲಿ ನಳ ದಿನಾ ಬರುವುದಿಲ್ಲ, ಗಾಡಿ ತೊಳೆಯುವ ಮುಹೂರ್ತ ಅದೇ ಇಡುತ್ತದೆ. ಬೋರ್ ನೀರಿನಲ್ಲಿ ತೊಳೆದು ಒಣಗಲು ಬಿಟ್ಟರೆ ಸುಣ್ಣದ ಬಿಳಿ ಚುಕ್ಕೆ ಕೂರುತ್ತವೆ, ಆಮೇಲೆ ಅವನ್ನು ತೆಗೆಯುವುದು ಇನ್ನೊಂದು ತಲೆನೋವು. ನೆರಳಿನಲ್ಲಿ ನಿಲ್ಲಿಸಿ ನೊರೆ ಹಚ್ಚಿ ನಾಲ್ಕು ನಿಮಿಷ ಬಿಟ್ಟೆ. ಪಕ್ಕದ ಮನೆ ಕಾಕಾ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು.

"ತಮ್ಮಾ, ಭಾಂಡೆ ತಿಕ್ಕಿದಂಗ ತಿಕ್ಕಾಕತ್ತೀಯಲ್ಲೋ!"

ನೀರು ಹೊಡೆದಾಗ ಇಡೀ ಗಾಡಿ ಮೇಲೆ ಒಂದು ಮುತ್ತೂ ಇಲ್ಲ. ನೀರು ಹಾಳೆಯ ಹಾಗೆ ಹಾಸಿಕೊಂಡು ಇಳಿಯಿತು. ವ್ಯಾಕ್ಸ್ ಹೋಯಿತು! ಹಾವೇರಿಯಲ್ಲಿರುವ ಭಾವನಿಗೆ ವಿಡಿಯೋ ಕೂಡ ಕಳಿಸಿದೆ. ಮುಂದಿನ ವಾರ ಬರೀ ನೀರಿನಲ್ಲಿ ತೊಳೆದರೆ ಬಾಗಿಲಿನ ಮೇಲೆ ಮುತ್ತುಗಳು ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು.

ಈ ಮುತ್ತಿನ ಪರೀಕ್ಷೆಯಲ್ಲಿ ನಾನು ಎರಡು ಸಲ ಏಮಾರಿದ್ದೇನೆ. ಮೊದಲನೆಯದು ಇದು. ಸಾಬೂನಿನ ಅಂಶ ಚೂರು ಉಳಿದರೂ ನೀರು ಮುತ್ತಾಗುವುದಿಲ್ಲ, ಕೆಳಗೆ ವ್ಯಾಕ್ಸ್ ಇದ್ದರೂ ಸರಿ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ವ್ಯಾಕ್ಸ್ ಹೋಗುತ್ತೆ ಅಂತ ಜನ ನಂಬುವುದಕ್ಕೂ ಅರ್ಧ ಕಾರಣ ಇದೇ. ಎರಡನೆಯದು ಬೇಸಿಗೆ ಕಳೆದ ಮೇಲೆ. ನೀರು ಚಪ್ಪಟೆಯಾಗಿ ಕೂರುತ್ತಿತ್ತು. "ಬಿಸಲಿಗೆ ಕರಗಿ ಹೋಗಿರತೈತಿ ಬಿಡೋ" ಅಂದರು ಕಾಕಾ. ನಾನೂ ನಂಬಿದೆ. ಮಾಮೂಲಿ ಶಾಂಪೂ ಹಾಕಿ ತೊಳೆದರೆ ಮುತ್ತು ಮತ್ತೆ ಹಾಜರ್. ಧೂಳಿನ ಪದರ ವ್ಯಾಕ್ಸನ್ನು ಮುಚ್ಚಿ ಕೂತಿತ್ತು ಅಷ್ಟೇ. ಅಂದಹಾಗೆ, ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ವ್ಯಾಕ್ಸ್ ಕರಗುವುದು 82ರಿಂದ 86 ಡಿಗ್ರಿಗೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬಾನೆಟ್ ಮುಟ್ಟಿದರೆ ಕೈ ಚುರ್ ಅನ್ನುತ್ತದೆ ನಿಜ, ಹಾಗಂತ ವ್ಯಾಕ್ಸ್ ತುಪ್ಪದ ಹಾಗೆ ಹರಿದು ಹೋಗುವುದಿಲ್ಲ. ಅದು ಸವೆಯುತ್ತದೆ, ಅದೂ ಒಂದೊಂದು ಕಡೆ ಒಂದೊಂದು ಥರ.

ಈಗ ನಾನು ತೊಳೆದ ಮೇಲೆ ಎರಡು ಸಲ ಬರೀ ನೀರಿನಲ್ಲಿ ಜಾಲಿಸಿ, ಪೂರ್ತಿ ಒರೆಸಿ ಒಣಗಿಸಿ, ಆಮೇಲೆ ಸ್ಪ್ರೇ ಬಾಟಲಿಯಿಂದ ಸಾದಾ ನೀರು ಹೊಡೆದು ನೋಡುತ್ತೇನೆ. ಪ್ರತಿ ಬಾಗಿಲನ್ನೂ ಬೇರೆ ಬೇರೆಯಾಗಿ.

ಹಾಗೆ ನೋಡಿದರೆ ಶಾಂಪೂ ಎಷ್ಟು ತೆಗೆಯುತ್ತೆ? ನಾನೇ ಕೈಯಾರೆ ಹಚ್ಚಿದ, ಎರಡು ಮೂರು ತಿಂಗಳು ಹಳೆಯದಾದ ಕಾರ್ನೌಬಾ ಆದರೆ ಎರಡು ತೊಳೆತಕ್ಕೆ ಹೆಚ್ಚುಕಡಿಮೆ ಪೂರ್ತಿ. ಸೀಲಂಟ್ ಆದರೆ ಅರ್ಧಂಬರ್ಧ. ಗದಗದಿಂದ ಬಂದ ಆ ಜಿಡ್ಡಿಗೆ ಮಾತ್ರ ಮೂರು ಸಲ ತೊಳೆದರೂ ಏನೂ ಆಗಲಿಲ್ಲ.

ಅದಕ್ಕೆ ಮದ್ದು ಹೇಳಿದ್ದು ಗಾಡಿಗೆ ಸ್ಪ್ರೇ ಪೇಂಟ್ ಮಾಡುವ ಒಬ್ಬ ಮಿಸ್ತ್ರಿ. ಬಂಪರಿನ ಗೀರು ತೋರಿಸಲು ಹೋಗಿದ್ದೆ. ಬೆರಳು ಸವರಿ ನೋಡಿ, "ಸರ, ಇದ್ರಾಗ ಸಿಲಿಕಾನ್ ಐತಿ. ಸಾಬೂನಿಗೆ ಇದು ಹೋಗಂಗಿಲ್ರೀ. ಒಂಚೂರು ಉಳದ್ರೂ ನಾ ಹೊಡದ ಪೇಂಟ್ ಕಣ್ಣ ಬಿಡತೈತಿ" ಅಂದರು. ಕಣ್ಣು ಬಿಡುವುದು ಅಂದರೆ ಹೊಸ ಪೇಂಟಿನಲ್ಲಿ ಸಣ್ಣ ಸಣ್ಣ ದುಂಡು ಗುಳಿ ಬೀಳುವುದು. ಅದಕ್ಕೇ ಪೇಂಟರುಗಳು ಮೊದಲು ವ್ಯಾಕ್ಸ್ ಅಂಡ್ ಗ್ರೀಸ್ ರಿಮೂವರ್ ಹಚ್ಚಿ ಒರೆಸುತ್ತಾರೆ. ಪೆಟ್ರೋಲಿಯಂ ಸಾಲ್ವೆಂಟ್ ಅದು, ಪೇಂಟ್ ಅಂಗಡಿಯಲ್ಲಿ ಡಬ್ಬಿ ಸಿಗುತ್ತದೆ.

ಕೈಯಲ್ಲಿ ಎರಡು ಬಟ್ಟೆ ಬೇಕು. ಒಂದನ್ನು ಇದರಲ್ಲಿ ನೆನೆಸಿ ಒಂದು ಮೊಳದಷ್ಟು ಜಾಗ ಒರೆಸುವುದು, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿಬಿಡುವುದು. ಆರಲು ಬಿಟ್ಟರೆ ಕರಗಿದ ವ್ಯಾಕ್ಸ್ ಅಲ್ಲೇ ಮತ್ತೆ ಕೂರುತ್ತದೆ, ಮಾಡಿದ್ದೆಲ್ಲ ದಂಡ. ಒಣ ಬಟ್ಟೆಯ ಮಡಿಕೆಯನ್ನು ಆಗಾಗ ಬದಲಿಸುತ್ತಿರಬೇಕು. ನನ್ನ ಬಿಳಿ ಬಟ್ಟೆಯ ಮೇಲೆ ಬೂದು ಹಳದಿ ಬಣ್ಣದ ಪಟ್ಟೆ ಬಂತು, ಮುಟ್ಟಿದರೆ ಬೆಣ್ಣೆ ಸವರಿದಷ್ಟು ನುಣುಪು. ಮೂರು ಸಲ ಶಾಂಪೂ ಹಾಕಿ ತೊಳೆದ ಗಾಡಿ ಅದು! ಕೈಗೆ ಗ್ಲೌಸ್ ಇರಲಿ, ಬಯಲಿನಲ್ಲೇ ಮಾಡಿ, ಬಾನೆಟ್ ತಣ್ಣಗಿರಲಿ. ಬೆಂಕಿ ಹತ್ತುವ ವಸ್ತು ಇದು. ಬೀಡಿ ಹಚ್ಚಿಕೊಂಡು ನೋಡಲು ಬಂದ ಕಾಕಾನನ್ನು ಅವತ್ತು ಕೈಮುಗಿದು ಒಳಗೆ ಕಳಿಸಬೇಕಾಯಿತು.

ಬದಲಿ ಉಪಾಯ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಸೀಮೆಎಣ್ಣೆ ಹಚ್ಚಿದರೆ ಅದರ ಜಿಡ್ಡೇ ಉಳಿಯುತ್ತದೆ. ಥಿನ್ನರ್ ಅಂತೂ ಮುಟ್ಟಲೇಬೇಡಿ, ವ್ಯಾಕ್ಸಿನ ಜೊತೆ ಪೇಂಟೂ ಹೋಗಬಹುದು. ನನ್ನ ಭಾವ ಕೊರೊನಾ ಕಾಲದಲ್ಲಿ ಉಳಿದ ಸ್ಯಾನಿಟೈಸರನ್ನೇ ಸುರಿದು ಒರೆಸಿದ. ಅದರಲ್ಲಿ ಆಲ್ಕೋಹಾಲ್ ಇದೆಯಲ್ಲ ಅಂತ ಅವನ ಲೆಕ್ಕ. ಕೈ ಒಣಗಬಾರದು ಅಂತ ಅದಕ್ಕೆ ಗ್ಲಿಸರಿನ್ ಸೇರಿಸಿರುತ್ತಾರೆ, ಅದು ಗಾಡಿ ಮೇಲೆ ಮಬ್ಬಾಗಿ ಉಳಿಯಿತು. ಬರೀ ಐಸೊಪ್ರೊಪೈಲ್ ಆಲ್ಕೋಹಾಲನ್ನು ನೀರು ಬೆರೆಸಿ ಬಳಸಿದರೆ ಪಾಲಿಶ್ ಮಾಡಿದ ಮೇಲೆ ಉಳಿಯುವ ಎಣ್ಣೆ ಹೋಗುತ್ತದೆ, ಕೊನೆಯ ಒರೆಸುವಿಕೆಗೆ ಅದು ಒಳ್ಳೆಯದೇ. ದಪ್ಪ ಕಾರ್ನೌಬಾ ಮಾತ್ರ ಅದಕ್ಕೆ ಜಗ್ಗುವುದಿಲ್ಲ.

ವ್ಯಾಕ್ಸ್ ಹೋದ ಮೇಲೆ ಪೇಂಟಿನ ನಿಜವಾದ ಮುಖ ಕಾಣುತ್ತದೆ, ತಯಾರಾಗಿರಿ. ನನ್ನ ಗಾಡಿ ವಾರಕ್ಕೊಮ್ಮೆ ಹುಬ್ಬಳ್ಳಿ ಸ್ಟೇಷನ್ ಹತ್ತಿರ ಇಡೀ ದಿನ ನಿಲ್ಲುತ್ತದೆ. ರೈಲಿನ ಚಕ್ರ, ಬ್ರೇಕು ಸವೆದು ಹಾರುವ ಕಬ್ಬಿಣದ ಕಣ ಪೇಂಟಿಗೆ ಚುಚ್ಚಿ ಕೂತಿದ್ದವು. ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಿದರೆ ರವೆ ಮುಟ್ಟಿದ ಹಾಗೆ. ಐರನ್ ರಿಮೂವರ್ ಹೊಡೆದೆ, ನೇರಳೆ ಬಣ್ಣ ಧಾರೆಯಾಗಿ ಇಳಿಯಿತು. ಕೊಳೆತ ಮೊಟ್ಟೆಯ ವಾಸನೆ, ಮನೆಯವರೆಲ್ಲ ಕಿಟಕಿ ಮುಚ್ಚಿಕೊಂಡರು. ಆಮೇಲೆ ಕ್ಲೇ, ಅಂದರೆ ಪೇಂಟಿಗೆ ಅಂಟಿ ಕೂತ ಕಣಗಳನ್ನು ಎಳೆದು ತೆಗೆಯುವ ಜೇಡಿಯಂಥ ಮುದ್ದೆ. ರೊಟ್ಟಿ ಹಿಟ್ಟಿನ ಉಂಡೆಯ ಹಾಗೆ ನಾದಿ, ಚಪ್ಪಟೆ ಮಾಡಿ, ಜಾರಲು ಸಾಬೂನು ನೀರು ಹೊಡೆಯುತ್ತಾ ಮೆಲ್ಲಗೆ ಆಡಿಸುವುದು. ಕೆಳಗೆ ಬಿತ್ತೋ, ಎಸೆದುಬಿಡಬೇಕು. ನಮ್ಮ ನೆಲದ ಮರಳು ಹತ್ತಿದ ಕ್ಲೇ ಅಂದರೆ ಉಪ್ಪುಕಾಗದ ಇದ್ದಂತೆ.

ಬಾನೆಟ್ಟಿನಲ್ಲಿ ಕ್ಲೇ ಬೂದು ಬಣ್ಣಕ್ಕೆ ತಿರುಗಿತು. ಹಿಂದಿನ ಬಲ ಬಾಗಿಲಿಗೆ ಬಂದಾಗ ಉಂಡೆ ಕೆಂಪಾಯಿತು. ನನ್ನ ಎದೆ ಧಸಕ್ಕೆಂದಿತು. ಮಿಸ್ತ್ರಿಗೆ ಫೋಟೋ ಕಳಿಸಿದರೆ, "ಆ ಬಾಗಿಲಾ ಎಲ್ಲೋ ಮತ್ತ ಪೇಂಟ್ ಮಾಡ್ಯಾರ್ರಿ, ಮ್ಯಾಲ ಕ್ಲಿಯರ್ ಹೊಡದಿಲ್ಲ" ಅಂದರು. ಕ್ಲಿಯರ್ ಕೋಟ್ ಇದ್ದಿದ್ದರೆ ಬಣ್ಣ ಹೀಗೆ ಬಿಡುತ್ತಿರಲಿಲ್ಲ. ಆಕ್ಸಿಡೆಂಟ್ ಆಗಿಲ್ಲ ಅಂತ ಗದಗದಲ್ಲಿ ಆಣೆ ಮಾಡಿ ಕೊಟ್ಟ ಗಾಡಿ ಇದು. ಅಷ್ಟು ದಪ್ಪ ಪಾಲಿಶ್ ಯಾಕೆ ಬಳಿದಿದ್ದರು ಅಂತ ಆಗ ತಿಳಿಯಿತು.

ಕ್ಲೇ ಮಾಡಿದರೆ ಸಣ್ಣ ಗೀರು ಬರುತ್ತವೆ, ಹಗುರವಾಗಿ ಒಮ್ಮೆ ಪಾಲಿಶ್ ಬೇಕಾಗುತ್ತದೆ. ಉಳಿದ ಚೂರುಪಾರು ವ್ಯಾಕ್ಸೂ ಆ ಪಾಲಿಶಿನಲ್ಲೇ ಹೋಗುತ್ತದೆ. ಪ್ರತಿ ಸಲ ಬೇಡ, ಈ ಪಾಲಿಶ್ ಕ್ಲಿಯರ್ ಕೋಟನ್ನೇ ಚೂರು ಸವೆಸುತ್ತದೆ. ಕ್ಲಿಯರ್ ಕೋಟ್ ಇರುವುದೇ ಸುಮಾರು 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು.

ಇಷ್ಟೆಲ್ಲ ಆದ ಮೇಲೆ ಶಾಂಪೂ ಯಾಕೆ ಇನ್ನೂ ತರುತ್ತೀಯ ಅಂತ ಕೇಳಬಹುದು. ನಾನು ವರ್ಷಕ್ಕೆರಡು ಸಲ, ಯುಗಾದಿಗೊಮ್ಮೆ ದಸರಾಕ್ಕೊಮ್ಮೆ, ಹೊಸದಾಗಿ ಸೀಲಂಟ್ ಹಚ್ಚುತ್ತೇನೆ. ಆಗ ಸಾಲ್ವೆಂಟಿಗಿಂತ ಮೊದಲು ಧೂಳು, ಜಿಡ್ಡು ಎರಡನ್ನೂ ಒಂದೇ ಏಟಿಗೆ ಇಳಿಸಲು ಇದು ಬೇಕು. ಇದು ಅರ್ಧ ಕೆಲಸ ಮಾಡಿದ ಮೇಲೆ ಸಾಲ್ವೆಂಟ್ ಬಹಳ ಕಡಿಮೆ ಸಾಕಾಗುತ್ತದೆ. ಇನ್ನೊಂದು, ಕಪ್ಪು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಒಣಗಿದ ವ್ಯಾಕ್ಸ್ ಬಿಳಿಯಾಗಿ ಕೂತಿರುತ್ತಲ್ಲ, ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಇದನ್ನು ಹಚ್ಚಿ ತಿಕ್ಕಿದರೆ ಹೋಗುತ್ತದೆ. ಬೇರೆ ಯಾವುದಕ್ಕೂ ಅದು ಇಷ್ಟು ಸಲೀಸಾಗಿ ಹೋಗಿದ್ದನ್ನು ನಾನು ಕಂಡಿಲ್ಲ.

ಬೇಜಾರಿನ ಸಂಗತಿಗಳೂ ಇವೆ. ಕೈ ಚರ್ಮ ಒಣಗಿ ಬಿಳಿಚಿಕೊಳ್ಳುತ್ತದೆ. ಬಾಗಿಲಿನ ರಬ್ಬರ್ ಮಂಕಾಗುತ್ತದೆ. ಬಿಸಿಲಿನಲ್ಲಿ ಒಣಗಲು ಬಿಟ್ಟರೆ ಕಲೆ. ಒಂದು ಬಾಟಲಿ ನನಗೆ ಏಳೆಂಟು ತೊಳೆತ ಬರುತ್ತದೆ, ಬಾಟಲಿ ಮೇಲೆ ಬರೆದದ್ದು ಇಪ್ಪತ್ತು.

ಸುಮ್ನೆ ಮೂರು ತಿಂಗಳಿಗೊಮ್ಮೆ ಅದೇ ವ್ಯಾಕ್ಸ್ ಮತ್ತೆ ಹಚ್ಚುವವರಿಗೆ ಇದರ ಅಗತ್ಯವೇ ಇಲ್ಲ. ಚೆನ್ನಾಗಿ ತೊಳೆದು ಮೇಲೆ ಹಚ್ಚಿದರಾಯಿತು. ಕೋಟಿಂಗ್ ಮಾಡಿಸುವವರು, ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರು ತಗೊಳ್ಳಿ, ಜೊತೆಗೆ ಪೇಂಟ್ ಅಂಗಡಿಯ ಆ ಡಬ್ಬಿಯನ್ನೂ ತನ್ನಿ. ಇನ್ನು ಗಾಡಿ ನೋಡಲು ಹೋಗುವವರು ಬಾನೆಟ್ಟಿನ ಮೇಲೆ ಒಮ್ಮೆ ಬೆರಳು ಸವರಿ. ಬೆಣ್ಣೆಯಂತೆ ಜಾರಿದರೆ ಬಾಗಿಲುಗಳನ್ನು ಒಂದೊಂದಾಗಿ ನೋಡಿ, ಹಿಂದಿನ ಬಲಗಡೆಯಿಂದಲೇ ಶುರು ಮಾಡಿದರೂ ನಡೆದೀತು.