ದುಡಿಮೆಯ ನಡುವೆ ಬಿ.ಕಾಂ.: ಇಗ್ನೋ ದೂರಶಿಕ್ಷಣ ಹೇಗಿದೆ?

ಪಿಯುಸಿ ಮುಗಿಸಿ ಕಾಲೇಜು ಮೆಟ್ಟಿಲು ಹತ್ತದೆ ನೇರ ಉದ್ಯಮಕ್ಕೆ ಇಳಿದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಬಿ.ಕಾಂ. ಒಗ್ಗುತ್ತದೆಯೇ? ನನಗಂತೂ ಒಗ್ಗಿದೆ. ಸಾಗರದ ಹತ್ತಿರ ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಚಿಕ್ಕ ಘಟಕ ನನ್ನದು. ಸೇರುವಾಗ ಹಾಳೆ ಪೂರೈಸುವ ಹಿರಿಯರೊಬ್ಬರು, ‘ದುಡ್ಡು ಬರುತ್ತಿರುವಾಗ ಪರೀಕ್ಷೆ ಯಾಕೆ ಮಾರಾಯ?’ ಎಂದಿದ್ದರು. ಅವರ ಮಾತಿಗೆ ಉದಾಹರಣೆಯೂ ಇದೆ: ಹಾರ್ವರ್ಡ್ ಬಿಟ್ಟ ಬಿಲ್ ಗೇಟ್ಸ್ ಮರಳಿ ಓದಲಿಲ್ಲ. 2007ರಲ್ಲಿ ಅದೇ ವಿಶ್ವವಿದ್ಯಾಲಯ ಗೌರವ ಪದವಿ ಕೊಟ್ಟಿತು. ಆದರೆ ಅಜೀಂ ಪ್ರೇಮ್‌ಜಿಯವರನ್ನು ನೋಡಿ. 1966ರಲ್ಲಿ ತಂದೆ ತೀರಿಕೊಂಡಾಗ ಸ್ಟ್ಯಾನ್‌ಫರ್ಡ್ ಬಿಟ್ಟು ಬಂದು ಎಣ್ಣೆಯ ಕಾರ್ಖಾನೆ ವಹಿಸಿಕೊಂಡವರು, ಸುಮಾರು ಮೂರು ದಶಕಗಳ ನಂತರ, ವಿಪ್ರೋ ದೊಡ್ಡದಾಗಿ ಬೆಳೆದ ಮೇಲೆ, ಆ ಪದವಿಯನ್ನು ಪೂರೈಸಿದರು. ಆ್ಯಪಲ್ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಕೂಡ ಬೇರೆ ಹೆಸರಿನಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಸೇರಿ ಓದು ಮುಗಿಸಿದರು. ಇವರಿಬ್ಬರಿಗೂ ಕೆಲಸಕ್ಕಾಗಿ ಪ್ರಮಾಣಪತ್ರ ಬೇಕಿರಲಿಲ್ಲ.

ನನಗೆ ಬೇಕಿದ್ದದ್ದು ವೆಚ್ಚದ ಲೆಕ್ಕಶಾಸ್ತ್ರ. ಮಳೆಗಾಲದಲ್ಲಿ ಬೇಡಿಕೆ ಇಳಿದು ಯಂತ್ರಗಳು ಅರ್ಧ ದಿನ ಖಾಲಿ ಇದ್ದಾಗ ಬೆಂಗಳೂರಿನ ವ್ಯಾಪಾರಿಯೊಬ್ಬರು ಹತ್ತಿಂಚಿನ ತಟ್ಟೆಯನ್ನು 3 ರೂಪಾಯಿಗೆ ಕೇಳಿದರು. ನಮ್ಮ ದರ ಮೂರೂವರೆ. ಪಠ್ಯದಲ್ಲಿ ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂದು ಬೇರ್ಪಡಿಸುವ ಅಧ್ಯಾಯವನ್ನು ಆಗಷ್ಟೇ ಓದಿದ್ದೆ. ಹಾಳೆ, ಅದನ್ನು ತೊಳೆದು ನೆನೆಸಿ ಬಿಸಿ ಅಚ್ಚಿಗೆ ಒತ್ತುವ ಕೂಲಿ, ವಿದ್ಯುತ್ತು, ಹರಿದು ಹಾಳಾಗುವ ಪಾಲು ಎಲ್ಲ ಸೇರಿ ತಟ್ಟೆಗೆ 2 ರೂಪಾಯಿ 40 ಪೈಸೆ. ಶೆಡ್ಡಿನ ಬಾಡಿಗೆ, ಸಾಲದ ಕಂತು ಯಂತ್ರ ತಿರುಗಿದರೂ ತಿರುಗದಿದ್ದರೂ ಕಟ್ಟಲೇಬೇಕು. ಉಳಿಯುವ 60 ಪೈಸೆ ಅವುಗಳ ಕಡೆಗೆ ಹೋಗುತ್ತದೆ. ಒಪ್ಪಿಕೊಂಡೆ. ಮದುವೆಯ ಹಂಗಾಮಿನಲ್ಲಿ, ಯಂತ್ರಕ್ಕೆ ಬಿಡುವಿಲ್ಲದಾಗ ಇದೇ ದರ ಕೇಳಿದರೆ ಒಪ್ಪುವುದಿಲ್ಲ ಎಂಬುದೂ ಅದೇ ಲೆಕ್ಕದಲ್ಲಿತ್ತು. ಇಪ್ಪತ್ತು ವರ್ಷ ವ್ಯಾಪಾರ ಮಾಡಿದವರು ಇದನ್ನು ಅಂದಾಜಿನಲ್ಲೇ ಹೇಳಿಬಿಡುತ್ತಾರೆ, ನಿಜ. ಆದರೆ ಬ್ಯಾಂಕಿನವರ ಮುಂದೆ ಅಂದಾಜು ನಡೆಯುವುದಿಲ್ಲ, ಹಾಳೆ ಬಿಟ್ಟು ಇನ್ನೊಂದು ಸರಕಿಗೆ ಕೈ ಹಾಕಿದಾಗಲೂ ನಡೆಯುವುದಿಲ್ಲ.

ವ್ಯವಸ್ಥೆಯೂ ದುಡಿಯುವವರಿಗೆ ಹೇಳಿ ಮಾಡಿಸಿದಂತಿದೆ. ಪ್ರವೇಶ ಜನವರಿ ಮತ್ತು ಜುಲೈಯಲ್ಲಿ. ಮೂರು ವರ್ಷದ ಪದವಿ ಮುಗಿಸಲು ಆರು ವರ್ಷದವರೆಗೆ ಅವಕಾಶ. ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ. ತಯಾರಾದ ವಿಷಯಗಳನ್ನಷ್ಟೇ ಬರೆಯಬಹುದು. ನಮ್ಮ ಕಡೆ ಡಿಸೆಂಬರ್ ಎಂದರೆ ಅಡಿಕೆ ಕೊಯ್ಲು, ಹಾಳೆ ಸಂಗ್ರಹದ ಗಡಿಬಿಡಿ. ಹಾಗಾಗಿ ಭಾರವಾದ ವಿಷಯಗಳನ್ನು ಜೂನ್‌ಗೆ ಇಟ್ಟುಕೊಳ್ಳುತ್ತೇನೆ. ಪಠ್ಯವೆಲ್ಲ ಇಗ್ನೋದ ಜಾಲತಾಣ ಇ-ಜ್ಞಾನಕೋಶದಲ್ಲಿ ಉಚಿತವಾಗಿ ಸಿಗುತ್ತದೆ. ಸೇರುವ ಮೊದಲೇ ಒಂದೆರಡು ಅಧ್ಯಾಯ ಓದಿ ನೋಡಿ.

ಅಸೈನ್‌ಮೆಂಟಿಗೆ ಶೇ 30 ಅಂಕ. ಕೈಯಲ್ಲೇ ಬರೆದು ಕೊಡಬೇಕು. ಅನೇಕರು ಇದನ್ನು ಕಾಟಾಚಾರಕ್ಕೆ ಮುಗಿಸುತ್ತಾರೆ, ನೋಡಿದರೆ ಬೇಸರವಾಗುತ್ತದೆ. ರಾತ್ರಿ ಘಟಕದ ಬಾಗಿಲು ಹಾಕಿದ ಮೇಲೆ ಕುಳಿತು, ಲಾಭ-ನಷ್ಟದ ಪಟ್ಟಿಯನ್ನು ಗೆರೆ ಎಳೆದು ತುಂಬುವಾಗಲೇ ವಿಷಯ ತಲೆಗೆ ಹೋಗುವುದು.

ಬಿ.ಕಾಂ.ನ ಬೋಧನಾ ಮಾಧ್ಯಮ ಮುಖ್ಯವಾಗಿ ಇಂಗ್ಲಿಷ್ ಇಲ್ಲವೇ ಹಿಂದಿ. ಕನ್ನಡದಲ್ಲೇ ಓದಬೇಕೆನ್ನುವವರು ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವನ್ನು ವಿಚಾರಿಸಿ. ದಿನವೂ ತರಗತಿ, ಸ್ನೇಹಿತರು, ಗ್ರಂಥಾಲಯ ಬೇಕೆನ್ನುವ ಹದಿನೆಂಟರ ಹುಡುಗ ಹುಡುಗಿಯರಿಗೆ ನಾನು ದೂರಶಿಕ್ಷಣ ಸೂಚಿಸುವುದಿಲ್ಲ. ಇಲ್ಲಿ ನಿಮ್ಮನ್ನು ಎಬ್ಬಿಸಿ ಕೂರಿಸುವವರು ಯಾರೂ ಇರುವುದಿಲ್ಲ. ‘ಪರೀಕ್ಷೆ ಬೇಡ, ಒಂದೇ ವರ್ಷದಲ್ಲಿ ಪದವಿ’ ಎಂದು ಫೋನ್ ಮಾಡುವ ದಲ್ಲಾಳಿಗಳನ್ನು ಹತ್ತಿರ ಬಿಟ್ಟುಕೊಳ್ಳಬೇಡಿ. ನನಗೂ ಅಂಥ ಕರೆ ಬಂದಿತ್ತು. ಯಾವುದೇ ಸಂಸ್ಥೆಗೆ ಹಣ ಕಟ್ಟುವ ಮೊದಲು ಅದರ ಹೆಸರು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ದೂರಶಿಕ್ಷಣ ಪಟ್ಟಿಯಲ್ಲಿದೆಯೇ ಎಂದು ನೀವೇ ನೋಡಿಕೊಳ್ಳಿ.